ಫಕ್ಕೀರೇಶನ ಹೆದರಿಕೆ

ಒಂದಾನೊಂದು ಕಾಲದಲ್ಲಿ, ಆ ಕಾಲ ಇನ್ನೂ ಬಂದಿಲ್ಲ, ಬರುವುದಿದೆ, ಗಾಳಿ ನಿಲ್ಲದ ಒಂದು ಗುಡ್ಡವಿತ್ತು. ಗುಡ್ಡದ ನೆತ್ತಿಯ ಮೇಲೆ ಮೂರು ಮೂರು ತೋಳಿನ ದೈತ್ಯರು ಸಾಲಾಗಿ ನಿಂತು ಗಾಳಿಯನ್ನು ತಿಂದು ಬೆಳಕನ್ನು ಉಗುಳುತ್ತಿದ್ದರು. ಆ ಬೆಳಕನ್ನು ತಂತಿಯ ಮೇಲೆ ನಡೆಸಿಕೊಂಡು ಮನೆಮನೆಗೆ ಮುಟ್ಟಿಸುವವರು ಕೆಲವರಿದ್ದರು. ಗುಡ್ಡದ ಬುಡದ ಪೇಟೆಯಲ್ಲಿ ಇನ್ನಿಬ್ಬರಿದ್ದರು; ಅವರ ಕಸುಬು ವಿಚಿತ್ರವಾದದ್ದು. ಬೇರೆಯವರ ಹೆದರಿಕೆಯನ್ನು ಹೊತ್ತುಕೊಳ್ಳುವುದು, ಅವರು ಚೇತರಿಸಿಕೊಳ್ಳುವವರೆಗೆ ಕಾಯ್ದಿಡುವುದು, ಆಮೇಲೆ ಗುಟುಕು ಗುಟುಕಾಗಿ ಮರಳಿ ಕೊಡುವುದು. ಆ ಕಸುಬಿಗೆ ಇದ್ದದ್ದು ಒಂದೇ ಕಟ್ಟಳೆ: ಇನ್ನೊಬ್ಬರದನ್ನು ಎಳ್ಳಷ್ಟೂ ಇಟ್ಟುಕೊಳ್ಳಬಾರದು.

ಕಥೆಯಲ್ಲಿ ಕಟ್ಟಳೆ ಬಂತೆಂದರೆ ಅದು ಮುರಿಯಲಿಕ್ಕೇ ಬಂದಿದೆಯೆಂದು ಕಥೆ ಕೇಳುವ ಕೂಸುಗಳಿಗೂ ಗೊತ್ತು. ಇದು ಮುರಿದದ್ದು ಯಾವಾಗಲೋ. ಬಯಲಾದದ್ದು ಮಾತ್ರ ಒಂದು ಅಡುಗೆಮನೆಯಲ್ಲಿ, ಮಿಕ್ಸರಿನ ಮುಂದೆ.

ನೀಲಗಂಗಾ ಕೈ ತೊಳೆದಳು. ಟವೆಲಿನಿಂದ ಒರೆಸಿಕೊಂಡಳು. ಬೆರಳ ಸಂದಿಗಳನ್ನು ಮತ್ತೊಮ್ಮೆ ಒರೆಸಿಕೊಂಡಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದಪುಡಿ ತುಂಬಿದ ಜಾರಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತು, ಬಲಗೈಯನ್ನು ಮಗುಚಿ, ಕೈಯ ಹಿಂಬದಿಯಿಂದ ಮಿಕ್ಸರಿನ ಮೈಯನ್ನು ಒಮ್ಮೆ ಮುಟ್ಟಿ ನೋಡಿ, ಆಮೇಲೆ ಸ್ವಿಚ್ ಒತ್ತಿದಳು.

ಅವಳ ತಾಯಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದಳು. ಪಿತ್ತಕೋಶದ ಆಪರೇಷನ್ ಆದ ಮೇಲೆ ಆಕೆಗೆ ಕೂತು ಮಾಡುವ ಕೆಲಸ ಮಾತ್ರ. ಬಾಯಿಗೆ ಯಾರೂ ರಜೆ ಕೊಟ್ಟಿರಲಿಲ್ಲ.

“ನೀಲಾ, ಅದು ಮಿಕ್ಸರೋ ಹಾವೋ?”

“ಯಾಕವಾ?”

“ಮುಟ್ಟೂದು ನೋಡು. ಬೀಗರ ಕೂಸಿನ ಗಲ್ಲಾ ಸವರಿದಂಗ ಹಿಂಗೈಲೆ ಸವರತಿ. ನಾ ದವಾಖಾನಿಯಿಂದ ಬಂದಾಗಿಂದ ನೋಡಾಕತ್ತೇನಿ. ಫ್ರಿಜ್ಜಾದ್ರೂ ಹಂಗ, ಗೀಸರಾದ್ರೂ ಹಂಗ. ಹೋದ ಜನ್ಮದಾಗ ಲೈನ್‌ಮನ್ ಇದ್ದೇನ ನೀ?”

ತಾಯಿ ನಕ್ಕಳು. ನೀಲಗಂಗಾ ನಗಲಿಲ್ಲ. ಮಿಕ್ಸರ್ ಗರಗರನೆ ತಿರುಗುತ್ತಲೇ ಇತ್ತು. ಅವಳು ತನ್ನ ಕೈಯನ್ನು, ಯಾರೋ ಮರೆತುಹೋದ ವಸ್ತುವನ್ನು ನೋಡುವ ಹಾಗೆ ನೋಡಿದಳು.

ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆದರೆ ಹೇಳಿದವನೊಬ್ಬನಿದ್ದ. ಅವಳು ಕೆಲಸ ಮಾಡುವ ಚಿಕಿತ್ಸಾ ಕೇಂದ್ರದ ಹಸಿರು ಗೋಡೆಯ ಕೋಣೆಯಲ್ಲಿ, ತಲೆ ತಗ್ಗಿಸಿ: “ಅಂಗೈಲೆ ಮುಟ್ಟಿದ್ರ ಕರೆಂಟು ಮುಷ್ಟಿ ಮುಚ್ಚಸತೈತ್ರಿ ಅಕ್ಕಾರ, ಬಿಡಸಾಕ ಬರಂಗಿಲ್ಲ. ಹಿಂಗೈಲೆ ಮುಟ್ಟಿದ್ರ ಕೈ ತಾನ ಹಿಂದಕ್ಕ ಒಗಿತೈತಿ. ದ್ಯಾಮಣ್ಣ ಕಲಿಸಿದ್ದು.”

ಫಕ್ಕೀರೇಶ. ವಿದ್ಯುತ್ ಕಂಪನಿಯ ಲೈನ್‌ಮನ್. ಕಂಬದ ಮೇಲೆ ಜೊತೆಗಾರ ದ್ಯಾಮಣ್ಣ ತನ್ನ ಕಣ್ಣೆದುರೇ ಸುಟ್ಟುಹೋದದ್ದನ್ನು ಕಂಡವನು. ಆಮೇಲೆ ಒಂದು ವರ್ಷ ಕಂಬ ಹತ್ತಲಾರದೆ, ನಿದ್ದೆ ಮಾಡಲಾರದೆ, ಮನೆಯ ಬಲ್ಬನ್ನೂ ಬದಲಿಸಲಾರದೆ ಇದ್ದವನು. ಅವನು ವಾಸಿಯಾದನೆಂದು ಬರೆದುಕೊಟ್ಟು ಕೆಲಸಕ್ಕೆ ಕಳುಹಿಸಿದ್ದು ಹೆದರಿಕೆ ಹೊರುವ ಆ ಇಬ್ಬರೇ, ನೀಲಗಂಗಾ ಅವರಲ್ಲೊಬ್ಬಳು.

ನೀಲಗಂಗಾ ಮಿಕ್ಸರ್ ಆರಿಸಿದಳು. ಬೀದಿಯ ಕಂಬ ಬಂದಲ್ಲಿ ಎದುರಿನ ಬದಿಗೆ ದಾಟಿ ನಡೆಯುತ್ತಿದ್ದದ್ದು, ಮಳೆ ಬಂದಾಗ ಫೋನನ್ನು ದೂರವಿಟ್ಟು ಕೂರುತ್ತಿದ್ದದ್ದು, ಎಲ್ಲವೂ ಸಾಲಾಗಿ ನೆನಪಾಯಿತು. ಅವ್ವನ ಆಪರೇಷನ್ನಿನ ಚಿಂತೆ ಎಂದುಕೊಂಡಿದ್ದಳು.

“ಎಲ್ಲಿ ಹೊಂಟಿ? ಶೇಂಗಾ ಹಿಂಡಿ ಅರ್ಧಾ ಆಗೇತಿ!”

“ಬರತೇನವಾ. ಇನ್ನೊಬ್ಬರ ಸಾಮಾನು ನನ್ನ ಹತ್ರ ಉಳದೈತಿ.”

*

ಹಿಂದೆ ದಾರಿಗಳ ಬದಿಯಲ್ಲಿ ಹೊರೆಗಲ್ಲುಗಳಿರುತ್ತಿದ್ದವು: ಆಳೆತ್ತರದ ಎರಡು ಕಲ್ಲುಗಂಬ, ಮೇಲೊಂದು ಅಡ್ಡಗಲ್ಲು. ತಲೆಹೊರೆಯವರು ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆಳೆದುಕೊಂಡು ಹೋಗುತ್ತಿದ್ದರು. ಕೇಂದ್ರದ ಯಂತ್ರಕ್ಕೆ ಕಾಗದದ ಮೇಲೆ ಏನೋ ಉದ್ದನೆಯ ಹೆಸರಿತ್ತು. ಹಿರಿಯ ಚಿಕಿತ್ಸಕ ರಾಜೇಸಾಬ ಬಾಗವಾನರು ಅದನ್ನು ಹೊರೆಗಲ್ಲು ಎಂದು ಕರೆದರು, ಅದೇ ನಿಂತಿತು.

ಭೀಕರವಾದದ್ದನ್ನು ಕಂಡವರಲ್ಲಿ ನೆನಪೂ ಹೆದರಿಕೆಯೂ ಒಂದಕ್ಕೊಂದು ಅಂಟಿ ಗಟ್ಟಿಯಾಗಿಬಿಡುತ್ತವೆ. ನೆನಪನ್ನು ಮುಟ್ಟಿದರೆ ಹೆದರಿಕೆ ಏಳುತ್ತದೆ, ಹೆದರಿಕೆ ಎದ್ದರೆ ಮಾತು ನಿಲ್ಲುತ್ತದೆ, ಮಾತಿಲ್ಲದೆ ಗಾಯ ಮಾಯುವುದಿಲ್ಲ. ಹೊರೆಗಲ್ಲಿನ ಜಾಲರಿ ಟೊಪ್ಪಿಗೆಗಳು, ನೆನಪು ಎದ್ದ ಗಳಿಗೆಯಲ್ಲಿ ಎದೆಬಡಿತ, ಉಸಿರು, ಸ್ನಾಯುಗಳ ಬಿಗಿತ, ಮಿದುಳಿನ ಆಳದ ಒಂದು ಸಣ್ಣ ಗಂಟಿನ ಮಿಡಿತ, ಇಷ್ಟನ್ನೂ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸುತ್ತಿದ್ದವು. ನೆನಪು ಇದ್ದಲ್ಲೇ ಇರುತ್ತಿತ್ತು. ಅದನ್ನು ಹೇಳಲು ಬಾಯಿ ಬರುತ್ತಿತ್ತು. ನೇರವಾಗಿ ದಾಟಿಸಿದರೆ ಕೆರೆ ಒಡೆದ ಹಾಗೆ ನುಗ್ಗುತ್ತದೆಂದು ಇಬ್ಬರ ನಡುವೆ ಮೂರನೆಯವರೊಬ್ಬರು ತೂಬಿನ ಹಾಗೆ ಕೂರಬೇಕು, ತಾವು ಮಾತ್ರ ತಣ್ಣಗಿರಬೇಕು. ನೀಲಗಂಗಾ ಹೊರುವವಳು. ಬಾಗವಾನ ಸರ್ ನಡುವೆ ಕೂರುವವರು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸವಿಲ್ಲ.

ಹೊತ್ತದ್ದನ್ನು ಬಿಸಾಡುವಂತಿಲ್ಲ. ಚೇತರಿಸಿಕೊಂಡವರಿಗೆ ವಾರಕ್ಕಿಷ್ಟು ಎಂದು ಮರಳಿಸಬೇಕು. ಸ್ವಲ್ಪ ಸ್ವಲ್ಪವೇ ಬಂದ ಹೆದರಿಕೆ ಮೈಯಲ್ಲಿ ಕರಗಿ ಎಚ್ಚರವಾಗುತ್ತದೆ. ಮೊದಲ ದಿನ ಫಕ್ಕೀರೇಶ ಕೇಳಿದ್ದ, “ನನ್ನ ಹೆದರಿಕಿ ನೀವೇನ ಮಾಡತೀರಿ?” ಅವಳು ಅವನ ಕೈ ಮುಟ್ಟಿ ಮಾತು ಕೊಟ್ಟಿದ್ದಳು: “ಕಾಯತೇನಿ. ಎಲ್ಲಾ ತಿರುಗಿ ಕೊಡತೇನಿ.”

“ಕೊಟ್ಟಿಲ್ಲ ಸರ್.” ಕೇಂದ್ರಕ್ಕೆ ಓಡಿ ಬಂದ ಅವಳು ಏದುಸಿರು ಬಿಡುತ್ತ ಬಾಗವಾನ ಸರ್ ಎದುರು ಕುಸಿದಳು. “ಅವನದು ನನ್ನಾಗ ಉಳದೈತಿ.”

ಬಾಗವಾನ ಸರ್ ಚಹಾ ಕಪ್ಪನ್ನು ಕೆಳಗಿಟ್ಟರು. “ಯಂತ್ರ ಖಾಲಿ ಅಂತ ತೋರಿಸಿತ್ತಲ್ಲವಾ.”

“ನಾನ ತಪ್ಪು ಹೇಳೇನಿ ಯಂತ್ರಕ್ಕ.”

ಹೊರುವವರಿಗೂ ಒಂದು ಮನೆಯಿರುತ್ತದೆ, ಅವರದೇ ಚಿಂತೆಗಳಿರುತ್ತವೆ. ಆದ್ದರಿಂದ ಯಂತ್ರ ದಿನಾ ಬೆಳಿಗ್ಗೆ ಅವರ ಮೈಯನ್ನು ಅಳೆಯುತ್ತಿತ್ತು. ಹೆಚ್ಚು ಕಂಡರೆ ತೆರೆಯ ಮೇಲೆ ಕೇಳುತ್ತಿತ್ತು: ಇದು ನಿಮ್ಮದೇ? ಹೌದೆಂದರೆ ಅಷ್ಟನ್ನು ಲೆಕ್ಕದಿಂದ ಕಳೆದುಬಿಡುತ್ತಿತ್ತು. ತಾಯಿ ಆಸ್ಪತ್ರೆಯಲ್ಲಿದ್ದ ವಾರ ನೀಲಗಂಗಾಳ ಎದೆ ಡವಗುಟ್ಟುತ್ತಿತ್ತು. ಎದುರಿಗೆ ಕೂತವರ ತಲೆಗೆ ನಿನ್ನ ಅಳುಕನ್ನು ಕಟ್ಟಬೇಡ, ನಿನ್ನೊಳಗೆ ಎದ್ದದ್ದಕ್ಕೆ ನೀನೇ ಹೊಣೆ ಎಂದು ಅವಳ ವಿದ್ಯೆಯ ಮೊದಲ ಪಾಠವೇ ಹೇಳುತ್ತಿತ್ತು. ಅವಳು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ‘ಹೌದು, ನನ್ನದೇ’ ಎಂದು ಒತ್ತಿದ್ದಳು. ದಿನಾ ಒತ್ತಿದ್ದಳು.

ಬಾಗವಾನ ಸರ್ ಅವಳಿಗೆ ಟೊಪ್ಪಿಗೆ ತೊಡಿಸಿ, ಅವಳು ಕೆಲಸಕ್ಕೆ ಸೇರಿದ ಮೊದಲ ವಾರದ ಅಳತೆಯನ್ನು ಯಂತ್ರಕ್ಕೆ ಕೊಟ್ಟು, ಅದರೊಂದಿಗೆ ಇವತ್ತಿನದನ್ನು ಹೋಲಿಸಿದರು. ತೆರೆಯ ಮೇಲಿನ ನೀಲಿ ಪಟ್ಟಿ ಏರಿತು. ಏರುತ್ತಲೇ ಹೋಯಿತು. ಅರ್ಧ ದಾಟಿತು.

“ಯಾ ಅಲ್ಲಾ,” ಎಂದರು ಮೆಲ್ಲಗೆ. ಆಮೇಲೆ, “ನಂದೂ ತಪ್ಪೈತಿ. ನಡುವ ಕೂತಾವ ನಾನು. ಕೊಡೋದು ಭಾಳ ಹಗುರ ಬರಾಕತ್ತಿತ್ತು, ಗೊತ್ತಾಗಿತ್ತು ನನಗ. ಹುಡುಗಿ ತಾಯಿ ಚಿಂತ್ಯಾಗ ಅದಾಳ, ಕೇಳಿದ್ರ ಮತ್ತಷ್ಟು ನೊಂದಕೊಂತಾಳ ಅಂತ ಸುಮ್ನಾದೆ.”

“ಸರ್, ಅವ ಹೆದರಿಕೀನ ಇಲ್ದ ಕಂಬಾ ಹತ್ತಾಕತ್ತಾನ.”

ಹೊರಗೆ ಗಾಳಿ ಕಿಟಕಿಯ ಕೊಂಡಿಯನ್ನು ಅಲುಗಾಡಿಸಿತು. ಎರಡು ದಿನದಿಂದ ಗುಡ್ಡದ ಗಾಳಿಗೆ ಸುತ್ತಲಿನ ತಂತಿಗಳು ಹರಿದುಬೀಳುತ್ತಿದ್ದವು. ಕಂಪನಿಯವರು ರಜೆಯಲ್ಲಿದ್ದವರನ್ನೂ ಕರೆಸಿಕೊಂಡಿದ್ದರು.

ಬಾಗವಾನ ಸರ್ ಫೋನ್ ಹಚ್ಚಿದರು. ಫಕ್ಕೀರೇಶ ಎತ್ತಲಿಲ್ಲ. ಮತ್ತೆ ಹಚ್ಚಿದರು. ಎತ್ತಲಿಲ್ಲ. ಅವರು ಸಣ್ಣ ಹೊರೆಗಲ್ಲಿನ ಚೀಲವನ್ನು ಹೆಗಲಿಗೇರಿಸಿಕೊಂಡು ಕಾರಿನ ಕೀಲಿ ಹುಡುಕತೊಡಗಿದರು. ಕೀಲಿ ಅವರ ಕೈಯಲ್ಲೇ ಇತ್ತು.

*

ಫಕ್ಕೀರೇಶನ ಹೆಂಡತಿ ರತ್ನವ್ವ ಅವರನ್ನು ಕಂಡು ಸಂತೋಷದಿಂದ ಚಾಪೆ ಹಾಸಿದಳು.

“ಬರ್ರಿ ಅಕ್ಕಾರ, ಬರ್ರಿ ಸರ್! ನಿಮ್ಮ ಹೆಸರ ಹೇಳಿ ದೀಪಾ ಹಚ್ಚತೇನ್ರಿ ದಿನಾ. ಏನ ನಿದ್ದಿ ಅಂತೀರಿ ಇವ್ರದು! ಮುಂಜಾನಿ ಎಬ್ಬಸಾಕ ಮಾರಿಗೆ ನೀರು ಗೊಜ್ಜಬೇಕು.”

“ಎಲ್ಲಿ ಹೋಗ್ಯಾರ?” ನಿಂತಲ್ಲಿಂದಲೇ ಕೇಳಿದಳು ನೀಲಗಂಗಾ.

“ಡ್ಯೂಟಿ ಮ್ಯಾಲ. ಯಾಕ್ರಿ?”

ಬಾಗವಾನ ಸರ್ ಕೂತು, ಸಾವಕಾಶವಾಗಿ, ಸಣ್ಣ ಸಣ್ಣ ಮಾತುಗಳಲ್ಲಿ ಹೇಳಿದರು. ರತ್ನವ್ವನ ಮುಖದ ನಗು ಮೆಲ್ಲಗೆ ಗಟ್ಟಿಯಾಯಿತು.

“ಅಂದ್ರ, ತಿರುಗಿ ಕೊಡತೀರಿ? ಆ ಹೆದರಿಕಿನ?”

“ಕೊಡಬೇಕವಾ.”

“ಬ್ಯಾಡ್ರಿ.” ಅವಳು ಬಾಗಿಲಿಗೆ ಅಡ್ಡವಾಗಿಯೇ ನಿಂತಳು. “ಒಂದು ವರ್ಷ ನೋಡೇನ್ರಿ ನಾನು. ಫ್ಯಾನ್ ತಿರುಗಿದ್ರ ಚೀರತಿದ್ರು. ಮಗಳು ಲೈಟ್ ಹಾಕಿದ್ರ ಬಡಿತಿದ್ರು, ಆಮ್ಯಾಲ ತಾವ ಅಳತಿದ್ರು. ನಿಮ್ಮ ಕೈ ಮುಗಿತೇನಿ. ಅದೇನೈತಿ, ನೀವ ಇಟಗೊಳ್ರಿ. ಬಾವ್ಯಾಗ ಒಗೀರಿ. ನಮ್ಮನಿಗಿ ಬ್ಯಾಡ.”

ಮನೆಯೊಳಗೆ ಎಲ್ಲೋ ಫ್ಯಾನು ಕಿರುಗುಟ್ಟುತ್ತಿತ್ತು. ಪ್ರತಿ ಸುತ್ತಿಗೂ ನೀಲಗಂಗಾಳ ಬೆನ್ನು ಬಿಗಿಯುತ್ತಿತ್ತು. ಬಾಗವಾನ ಸರ್ ಅವಳನ್ನೊಮ್ಮೆ ನೋಡಿ, ರತ್ನವ್ವನ ಕಡೆ ತಿರುಗಿದರು.

“ಆಗಲಿ. ಒಂದ ಮಾತು ಹೇಳವಾ, ಅವಂದು ನಿದ್ದಿ ಒಂದ ಬಿಟ್ಟು ಮತ್ತೇನ ಬದಲಾಗೇತಿ?”

“ಏನಿಲ್ರಿ. ಖುಷ್ಯಾಗ ಅದಾರ.” ಅವಳು ಸೆರಗಿನ ತುದಿ ಹಿಡಿದಳು. “ಭಾಳ ಖುಷ್ಯಾಗ ಅದಾರ.”

“ಹ್ಞೂಂ.”

“ಮನ್ನೆ ಬಕೀಟಿನ್ಯಾಗ ಕಾಯಿಲ್ ಹಾಕಿದ್ದೆ, ನೀರ ಕಾಸಾಕ. ಸ್ವಿಚ್ ಹಾಕಿದ್ದು ಹಂಗ ಇತ್ತು. ಇವ್ರು ಬಂದು ನೀರಾಗ ಕೈ ಅದ್ದಿ ನೋಡಿದ್ರು, ಕಾದೈತೇನು ಅಂತ. ನಾ ಒದರಿದೆ. ನಕ್ಕರು. ‘ಏನಾತು, ಏನೂ ಆಗಲಿಲ್ಲಲ್ಲ’ ಅಂದ್ರು.” ಅವಳು ತಾನೂ ನಗಲು ನೋಡಿದಳು. ತುಟಿ ಅರ್ಧಕ್ಕೇ ನಿಂತಿತು. “ನಿನ್ನಿ ಮಗಳು ಹೋಗಿ ಹಂಗ ಕೈ ಅದ್ದಾಕ ನಿಂತಿತ್ರಿ. ಅಪ್ಪ ಮಾಡತಾನಲ್ಲ ಅಂತ. ನಾ ನೋಡಿದ್ದು ಪುಣ್ಯಾ.”

ರತ್ನವ್ವ ಬಾಗಿಲಿನಿಂದ ಸರಿದಳು. “ಗುಡ್ಡದ ದಾರಿ ಹಿಡೀರಿ. ಕಲ್ಲಿನ ಕ್ವಾರಿ ದಾಟಿದ ಮ್ಯಾಲ ತಂತಿ ಹರದೈತಂತ. ಫೋನ್ ಜೀಪಿನ್ಯಾಗ ಒಗದಿರತಾರ, ಎತ್ತಂಗಿಲ್ಲ. ಲಗೂ ಹೋಗ್ರಿ.”

*

ಗುಡ್ಡದ ದಾರಿಯುದ್ದಕ್ಕೂ ಕಂಬಗಳು. ಒಂದರ ಹಿಂದೆ ಒಂದು ಬಂದು ಕಾರಿನ ಗಾಜಿಗೆ ಮುಖ ಇಟ್ಟು ಹೋಗುತ್ತಿದ್ದವು. ನೀಲಗಂಗಾ ಕಣ್ಣು ಮುಚ್ಚಿದಳು. ಮುಚ್ಚಿದರೂ ತಂತಿಯ ಗುಂಯ್‌ಗುಡುವಿಕೆ ಹಲ್ಲುಗಳೊಳಗೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಒರತೆಯ ಹಾಗೆ ಜಿನುಗುತ್ತಿದ್ದದ್ದು, ಈಗ ಅದರ ಹುಟ್ಟಿದ ಜಾಗ ಹತ್ತಿರವಾಗುತ್ತಿದ್ದಂತೆ ಉಕ್ಕತೊಡಗಿತ್ತು. ಗಂಟಲಿನಲ್ಲಿ ಏನೋ ಬಂದು ಸಿಕ್ಕಿಕೊಂಡಿತ್ತು. ನುಂಗಿದರೆ ಇಳಿಯದು, ಉಗುಳಿದರೆ ಹೊರಬಾರದು.

“ನಾ ಹೊತಗೊಳ್ಳಲೇನು ಸ್ವಲ್ಪ?” ಬಾಗವಾನ ಸರ್ ಕೇಳಿದರು.

“ಬ್ಯಾಡ ಸರ್. ಒಂದೊಂದು ಮೈ ದಾಟಿದಾಗೂ ಅದು ಸವದು ಕಡಿಮಿ ಆಗತೈತಿ. ಅವನದು ಅವಂಗ ಪೂರಾ ಮುಟ್ಟಬೇಕು. ನೀವು ತಣ್ಣಗಿರ್ರಿ ಸಾಕು.”

“ನಾ ತಣ್ಣಗ ಇರಬೇಕಂದ್ರ ನೀ ನನ್ನ ಶರ್ಟ್ ತೋಳು ಬಿಡಬೇಕವಾ. ಗೇರ್ ಹಾಕಾಕ ಬರವಲ್ದು.”

ಅವಳು ಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದಳು. ಅವರು ಎರಡನೇ ಗೇರಿನಲ್ಲೇ ಏರಿಸಿದರು.

ಕ್ವಾರಿ ದಾಟಿದ ತಿರುವಿನಲ್ಲಿ ಜೀಪು ನಿಂತಿತ್ತು. ಅದರಾಚೆ ಕಂಬ. ಕಂಬದ ತುದಿಯಲ್ಲಿ ಒಬ್ಬ ಮನುಷ್ಯ, ಗಾಳಿಗೆ ಉಬ್ಬಿದ ಅಂಗಿ. ಅವನು ಹಾಡು ಗುನುಗುತ್ತಿದ್ದ. ಸೊಂಟದ ಬೆಲ್ಟು ಕಂಬಕ್ಕೆ ಬಿಗಿದಿರಲಿಲ್ಲ, ಸುಮ್ಮನೆ ನೇತಾಡುತ್ತಿತ್ತು. ಹತ್ತುವ ಮೊದಲು ತಂತಿಗೆ ಸಿಕ್ಕಿಸಿ ಉಳಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಉದ್ದನೆಯ ಅರ್ತಿಂಗ್ ರಾಡು ಜೀಪಿನ ಹಿಂಬದಿಯಲ್ಲಿ ಕಟ್ಟಿದ ಹಗ್ಗವನ್ನೂ ಬಿಚ್ಚಿಸಿಕೊಳ್ಳದೆ ಮಲಗಿತ್ತು.

“ಕೂಗಬ್ಯಾಡ,” ಎಂದು ಬಾಗವಾನ ಸರ್ ಪಿಸುಗುಟ್ಟಿದರು. “ಬೆಚ್ಚಿದ್ರ…” ಆಮೇಲೆ ತಮಗೇ ನೆನಪಾಗಿ, “ಅಲ್ಲ, ಬೆಚ್ಚಂಗಿಲ್ಲಲ್ಲ ಅವ.”

ಅಷ್ಟರಲ್ಲಿ ಫಕ್ಕೀರೇಶನೇ ಅವರನ್ನು ಕಂಡ. ಒಂದು ಕೈಯಲ್ಲಿ ಅಡ್ಡಪಟ್ಟಿ ಹಿಡಿದು, ಇನ್ನೊಂದನ್ನು ಇಡಿಯಾಗಿ ಗಾಳಿಗೆ ಚಾಚಿ ಬೀಸಿದ.

“ಏ ಅಕ್ಕಾರ! ಸರ್! ನೋಡ್ರಿ ಎಲ್ಲಿ ಅದೇನಿ! ಮ್ಯಾಲಿಂದ ನಿಮ್ಮ ತಲಿ ಭಾಳ ಹೊಳಿತೈತ್ರಿ ಸರ್!”

“ಹೊಳೀಲಿ ಬಿಡಪಾ,” ಬಾಗವಾನ ಸರ್ ಬಕ್ಕತಲೆಯ ಮೇಲೆ ಕೈಯಾಡಿಸಿಕೊಂಡು, ನಗುತ್ತಲೇ ಹೇಳಿದರು. ಇನ್ನೊಂದು ಕೈಯಿಂದ ನೆಲ ತೋರಿಸಿದರು. “ಇಳದ ಬಾ. ಮಾತಾಡೋದೈತಿ. ಎರಡೂ ಕೈಲೆ ಹಿಡಕೊಂಡು ಇಳಿ, ನನ್ನ ಸಲುವಾಗಿ.”

ಅವನು ಇಳಿದು ಬಂದ, ಕೊನೆಯ ಆಳೆತ್ತರವನ್ನು ಜಿಗಿದೇ ಬಿಟ್ಟ. ಬೆವರಿದ ಮುಖದ ತುಂಬ ನಗು. ಬಾಗವಾನ ಸರ್ ಎಲ್ಲವನ್ನೂ ಹೇಳಿದರು. ಅವನು ಕೇಳಿದ, ಮಣ್ಣಿನ ಹೆಂಟೆಯೊಂದನ್ನು ಬೂಟಿನಿಂದ ಒಡೆಯುತ್ತ.

“ಅಂದ್ರ ಇನ್ನೂ ಹೆದರಬೇಕು ನಾನು?”

“ಬೇಕಾದಷ್ಟು.”

“ಮೊದಲ ಹೆದರತೇನಿ ಅಂತ ಕಂಬಾ ಹತ್ತಾಕ ಬಿಡಲಿಲ್ಲ. ಈಗ ಹೆದರವಲ್ಲ ಅಂತ ಬಿಡವಲ್ರಿ. ನೀವು ಡಾಕ್ಟರಾ, ನಮ್ಮ ಸೆಕ್ಷನ್ ಆಫೀಸರಾ?” ಅವನು ನಕ್ಕ. “ಬ್ಯಾಡ್ರಿ ಸರ್. ನಾ ಛಲೋ ಅದೇನಿ.”

“ನೀ ಒಲ್ಲೆ ಅಂದ್ರ ಕೊಡಂಗಿಲ್ಲಪಾ. ಬಲವಂತಾ ನಮ್ಮ ಕೆಲಸ ಅಲ್ಲ. ಆದ್ರ ಅಕೀ ಮಾತ ಕೊಟ್ಟಾಳ ನಿನಗ.”

“ಅಕ್ಕಾರ ಎಲ್ಲಿ? ಕಾರಿನ್ಯಾಗ ಯಾಕ ಕುಂತಾರ?”

ನೀಲಗಂಗಾ ಕಾರಿನಿಂದ ಇಳಿಯಲು ಆಗದೆ ಕೂತಿದ್ದಳು. ಅವನು ತನ್ನನ್ನು ವಿಚಾರಿಸಿದ್ದು ಕೇಳಿ ಬಾಗಿಲು ತೆರೆದಳು. ಲೋಹದ ಹಿಡಿಕೆಯನ್ನು ಮುಟ್ಟುವ ಮೊದಲು ಅವಳ ಕೈ ತಾನಾಗಿ ಮಗುಚಿಕೊಂಡಿತು. ಕಂಬದ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಅದನ್ನು ದಾಟಿದರೆ ಅವನಿದ್ದ. ಅವಳು ನೆರಳಿನ ಅಂಚಿಗೆ ಬಂದು ನಿಂತಳು. ಎಡಭುಜ ಕಿವಿಗೆ ತಾಗುವಷ್ಟು ಮೇಲೆದ್ದಿತ್ತು. ಮೊಣಕಾಲುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಅವಳು ನೆರಳಿನ ಮೇಲೆ ಕಾಲಿಟ್ಟಳು.

ಫಕ್ಕೀರೇಶನ ನಗು ನಿಂತಿತು. ತನ್ನ ಅಂಗಿಯನ್ನು ಇನ್ನೊಬ್ಬರ ಮೈಮೇಲೆ ಕಂಡವನ ಹಾಗೆ ನೋಡಿದ.

ಇನ್ನೊಂದು ಹೆಜ್ಜೆ. ಗಂಟಲಿನಲ್ಲಿ ಸಿಕ್ಕಿಕೊಂಡದ್ದು ಮಿಸುಕಿತು. ಅವಳ ತುಟಿಗಳು ಅಲುಗಿದವು, ಆದರೆ ದನಿ ಅವಳದಾಗಿರಲಿಲ್ಲ, ದನಿಯೇ ಆಗಿರಲಿಲ್ಲ. ಉಸಿರಿಗೆ ಅಂಟಿದ ಮಾತು.

“ದ್ಯಾಮಣ್ಣಾ… ಕೈ ತಗಿ…”

ಗಾಳಿ ಬೀಸುತ್ತಲೇ ಇತ್ತು. ಗುಡ್ಡದ ಮೇಲೆ ದೊಡ್ಡ ರೆಕ್ಕೆಗಳು ಒಂದೊಂದಾಗಿ ಆಕಾಶದಿಂದ ಇಳಿದು ಮತ್ತೆ ಏರುತ್ತಿದ್ದವು.

“ಏನಂದ್ರಿ?” ಫಕ್ಕೀರೇಶ ಕೇಳಿದ.

“ಗೊತ್ತಿಲ್ಲ. ನನ್ನ ಗಂಟಲದಾಗ ಐತಿ.”

“ಈ ಮಾತು ನಾ ಯಾರಿಗೂ ಹೇಳಿಲ್ರಿ. ನಿಮಗೂ ಹೇಳಿಲ್ಲ.”

“ನೆನಪು ದಾಟಂಗಿಲ್ಲಪಾ,” ಎಂದರು ಬಾಗವಾನ ಸರ್, ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುವವರಂತೆ. “ಆದ್ರ ಅದು ನೆನಪಲ್ಲೇನೋ. ಗಂಟಲದ ಬಿಗಿತಾ. ಆಡಬೇಕಂತ ಹೊಂಟು ಆಡದ ನಿಂತಿದ್ದು.”

ಫಕ್ಕೀರೇಶ ಕೆಳಗೆ ಕೂತುಬಿಟ್ಟ. ಒಡೆದ ಹೆಂಟೆಯ ಪುಡಿಯ ಮೇಲೆಯೇ.

“ತಂತಿಯೊಳಗ ಕರೆಂಟ್ ಬಂದಿದ್ದು ನನಗ ಮೊದಲ ಗೊತ್ತಾತ್ರಿ. ಕೂದಲಾ ಎದ್ದು ನಿಂತ್ವು. ಅವ ಮ್ಯಾಲಿದ್ದ, ಕೈ ಚಾಚಿದ್ದ. ‘ದ್ಯಾಮಣ್ಣಾ, ಕೈ ತಗಿ’ ಅಂತ ಒದರಬೇಕಂದೆ. ಬಾಯಿ ತಗದೆ. ಬರಲಿಲ್ರಿ.” ಅವನು ನೀಲಗಂಗಾಳನ್ನು ನೋಡುತ್ತ ತನ್ನ ಗಂಟಲು ಮುಟ್ಟಿಕೊಂಡ. “ಇಲ್ಲೇ ನಿಂತಿತ್ತು. ಇಲ್ಲೇ. ವರ್ಷಾ ಪೂರ್ತಿ. ಹೋದ ತಿಂಗಳಾ ಒಂದಿನ ಎದ್ದು ನೋಡತೇನಿ, ಇಲ್ಲ. ಹಗುರಾತು ಅಂತ ಖುಷಿಪಟ್ಟೆ. ದ್ಯಾಮಣ್ಣ ಹೋದ ಅಂತ ಗೊತ್ತಿರತೈತಿ, ಹೇಳತೇನಿ, ಆದ್ರ ಪೇಪರಿನ್ಯಾಗ ಓದಿದಂಗ. ಅವ್ನ ಅವ್ವನ ಕಡೆ ಹೋಗೂದೂ ಬಿಟ್ಟೇನ್ರಿ. ಯಾಕ ಬಿಟ್ಟೆ ಅಂತನೂ ಅನಿಸಲಿಲ್ಲ.”

ಅವನು ಕೈ ಚಾಚಿದ, ಅಂಗಡಿಯಲ್ಲಿ ಮರೆತ ಚೀಲ ಕೇಳುವವನ ಹಾಗೆ.

“ಅದು ನಂದ್ರಿ ಅಕ್ಕಾರ. ದ್ಯಾಮಣ್ಣನ ಸಲುವಾಗಿ ಬಂದಿದ್ದು. ನೀವ್ಯಾಕ ಹೊರತೀರಿ? ಕೊಡ್ರಿ ಇಲ್ಲಿ.”

*

ಕಂಬದಿಂದ ದೂರ, ಜಾಲಿಯ ಮರದ ಚುಕ್ಕಿ ನೆರಳಿನಲ್ಲಿ ಮೂವರೂ ಕೂತರು. ಬಾಗವಾನ ಸರ್ ನಡುವೆ. ಅವರು ಎಡಗೈಯಲ್ಲಿ ನೀಲಗಂಗಾಳ ಮಣಿಕಟ್ಟು, ಬಲಗೈಯಲ್ಲಿ ಫಕ್ಕೀರೇಶನ ಮಣಿಕಟ್ಟು ಹಿಡಿದರು. ಮೂವರ ತಲೆಯ ಮೇಲಿನ ಟೊಪ್ಪಿಗೆಗಳ ಜಾಲರಿ ಗಾಳಿಗೆ ಸಿಳ್ಳೆ ಹಾಕಿತು.

“ಸ್ವಲ್ಪ ಸ್ವಲ್ಪನ ಕೊಡತೇವಿ. ನಾಳಿ ಮತ್ತ ಕಂಬಾ ಹತ್ತಾಂವ ನೀ, ಅದಕ ವಾರಗಟ್ಟಲೆ ಕೊಡೂದನ್ನ ಒಂದ ದಿನದಾಗ ಕೊಡಾಕತ್ತೇವಿ. ಸಾಕಂದ್ರ ಸಾಕು. ತಿಳೀತಿಲ್ಲೋ?”

“ಹ್ಞೂಂರಿ.”

“ನೀಲವ್ವ, ನಿನಗ?”

ಅವಳು ತಲೆಯಾಡಿಸಿದಳು. ಅವಳಿಗೆ ಈಗ ಇನ್ನೊಂದು ಹೆದರಿಕೆ ಬಂದಿತ್ತು, ಅದು ಖಂಡಿತ ಅವಳದೇ. ಈ ನಗುವ ಮನುಷ್ಯನಿಂದ ನಗುವನ್ನು ಕಸಿದುಕೊಂಡು, ಹಳೆಯ ವರ್ಷವನ್ನು ಮತ್ತೆ ಅವನ ಮನೆಗೆ ಕಳುಹಿಸುತ್ತಿದ್ದೇನೆಯೇ? ಹೊರಲಾಗದೆ ಮುರಿದುಬಿದ್ದರೆ? ರತ್ನವ್ವನಿಗೆ ಏನು ಹೇಳಲಿ?

ಬಾಗವಾನ ಸರ್ ಒಂದು ಕೈ ಬಿಡಿಸಿ, ಯಂತ್ರದ ಗುಂಡಿ ತಿರುಗಿಸಿ, ಮತ್ತೆ ಹಿಡಿದರು.

ಮೊದಲ ಗುಟುಕು ಹೋಯಿತು. ಅವಳ ಮೊಣಕಾಲು ಸಡಿಲಾದವು. ಅವನ ಮೊಣಕಾಲು ಮಡಚಿ ಎದೆಗೆ ಬಂದವು. ಅವನು ಕಂಬದ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಣಗಿದ ದನಿಯಲ್ಲಿ, “ನನ್ನ ಫೋನ್ ತರ್ರಿ ಸರ್. ಜೀಪಿನ್ಯಾಗೈತಿ. ಅಲ್ಲಲ್ಲ, ನೀವು ಏಳಬ್ಯಾಡ್ರಿ. ನಿಮ್ಮದ ಕೊಡ್ರಿ.”

ಅವನು ಸಬ್‌ಸ್ಟೇಷನ್ನಿಗೆ ಹಚ್ಚಿದ. ಗಾಳಿಯಲ್ಲಿ ಕೇಳಲೆಂದು ಸ್ಪೀಕರ್ ಹಾಕಿದ.

“ನಾ ಫಕ್ಕೀರೇಶ. ಕ್ವಾರಿ ಲೈನ್ ಬಂದ್ ಮಾಡಿ ಲೈನ್ ಕ್ಲಿಯರ್ ಕೊಟ್ಟೀರೇನ್ರಿ?”

“ಮುಂಜಾನೆನ ಬಂದ್ ಮಾಡೇನಲ್ಲೋ ಮಾರಾಯ,” ಎಂದಿತು ಆಚೆಯ ದನಿ. “ನಿನ್ನ ಫೋನ್ ಕಾದು ಕಾದು ಸಾಕಾತು. ಕೇಳದ ಹತ್ತಂಗಿಲ್ಲ ನೀ, ಊಟಕ್ಕ ಕುಂತಿರಬೇಕಂತ ಮಾಡಿದ್ದೆ. ಈಗ ಹತ್ತತೀಯೇನು?”

ಫಕ್ಕೀರೇಶ ಫೋನನ್ನು ತೊಡೆಯ ಮೇಲೆ ಇಟ್ಟ. ತಂತಿಯಲ್ಲಿ ಇವತ್ತು ಏನೂ ಇರಲಿಲ್ಲ. ಇವತ್ತು ಏನೂ ಆಗುತ್ತಿರಲಿಲ್ಲ. ಅವನು ಅದನ್ನು ಕೇಳಿಕೊಂಡಿರಲಿಲ್ಲ, ಅಷ್ಟೇ.

“ಕೇಳದ ಹತ್ತೇನ್ರಿ ನಾನು,” ಎಂದ. ಅವನ ಹಲ್ಲುಗಳು ಕಟಕಟನೆ ಬಡಿದವು. “ಕೇಳೂದು ಮರತಿರಲಿಲ್ಲ. ಕೇಳಬೇಕು ಅಂತ ಅನಸಲೇ ಇಲ್ಲ. ಸರ್, ನನಗ ಅನಸಲೇ ಇಲ್ಲ!”

“ಉಸರ ತಗೋ. ಉದ್ದಕ ತಗೋ. ನಿಲ್ಲಸೂಣೇನು?”

“ಬ್ಯಾಡ. ಕೊಡ್ರಿ.”

ಎರಡನೆಯ ಗುಟುಕು ದೊಡ್ಡದಿತ್ತು. ಬಾಗವಾನ ಸರ್ ಹಣೆಯ ಮೇಲೆ ನರ ಎದ್ದಿತು. ಕಣ್ಣು ಮುಚ್ಚಿ, ತಮ್ಮ ತೋಟದಲ್ಲಿ ನೀರು ಹಾಯಿಸುವವರಂತೆ ನಿಧಾನವಾಗಿ ಬಿಟ್ಟರು. ಫಕ್ಕೀರೇಶನ ಎಡಭುಜ ಕಿವಿಯತ್ತ ಎದ್ದಿತು. ಅಂಗಿ ಬೆವರಿಗೆ ಬೆನ್ನಿಗಂಟಿತು. ಅವನು ಮುರಿಯಲಿಲ್ಲ. ನೀಲಗಂಗಾ ಬಾಗವಾನ ಸರ್ ಮೊಣಕಾಲ ಮೇಲಿಂದ ಕೈ ಚಾಚಿ ಅವನ ಕೈ ಹಿಡಿದಳು. ಅವನು ತನ್ನ ಮಾತನ್ನು ತಾನೇ ನೋವಿನಿಂದ ಹುಡುಕುತ್ತ ಹೇಳುತ್ತ ಹೋದ: ದ್ಯಾಮಣ್ಣ ತಂಬಾಕು ತಿಕ್ಕುವಾಗ ಹಾಡುತ್ತಿದ್ದದ್ದು, ಅವನ ಬೂಟಿನ ಒಂದು ಲೇಸು ಯಾವಾಗಲೂ ಕೆಂಪಗಿದ್ದದ್ದು, ಅವನು ಕೊನೆಯ ಸಲ ಕಂಬ ಹತ್ತುವ ಮೊದಲು ತನ್ನ ಮಗಳ ಜಾವಳದ ಊಟಕ್ಕೆ ಕರೆದದ್ದು. ಹಸಿರು ಗೋಡೆಯ ಕೋಣೆಯಲ್ಲಿ ಇದ್ಯಾವುದೂ ಬಂದಿರಲಿಲ್ಲ. ಅಲ್ಲಿ ಅವನು ಒಣಗಣ್ಣಿನಿಂದ ಹೇಳಿದ್ದ.

“ಇನ್ನೆಷ್ಟೈತಿ?” ಬಾಗವಾನ ಸರ್ ಪಿಸುಗುಟ್ಟಿದರು.

ನೀಲಗಂಗಾ ತನ್ನ ಮೈಯನ್ನೆಲ್ಲ ಹುಡುಕಿದಳು. ಕಾಲು ಖಾಲಿ. ಬೆನ್ನು ಖಾಲಿ. ಎದೆಯಲ್ಲಿ ಅವ್ವನ ಹೊಲಿಗೆಗಳ ಚಿಂತೆ ಸಣ್ಣಗೆ, ಬೆಚ್ಚಗೆ ಕೂತಿತ್ತು. ಅದನ್ನು ಅವಳು ಇದ್ದಲ್ಲೇ ಬಿಟ್ಟಳು. “ಗಂಟಲದಾಗಿಂದು ಒಂದ ಉಳದೈತಿ ಸರ್.”

“ಫಕ್ಕೀರೇಶ, ಭಾರೈತಿ. ತಡೀತಿಯೇನಪಾ?”

ಅವನು ಹೌದೆನ್ನಲು ಬಾಯಿ ಬಾರದೆ, ಹೂಂ ಎಂಬಂತೆ ತಲೆಯಾಡಿಸಿದ.

ಅದು ಬಿಡಲು ಒಪ್ಪಲಿಲ್ಲ. ಅವಳ ಗಂಟಲಿಗೆ ಉಗುರು ಊರಿ ನಿಂತಿತ್ತು. ನೀಲಗಂಗಾ ಬಾಯಿ ತೆರೆದಳು, ಮುಚ್ಚಿದಳು, ಕಣ್ಣೀರು ಬಂತು. ಬಾಗವಾನ ಸರ್ ಹಿಡಿತ ಬಿಗಿಯಾಯಿತು, ಅವರ ಉಸಿರು ಒಮ್ಮೆ ತಪ್ಪಿತು, ಮತ್ತೆ ಸಿಕ್ಕಿತು. ಆಮೇಲೆ, ಹಲ್ಲು ಕಿತ್ತು ಬಂದ ಹಾಗೆ, ಅದು ಅವಳನ್ನು ಬಿಟ್ಟಿತು.

ಫಕ್ಕೀರೇಶ ಎದ್ದು ನಿಂತ. ಟೊಪ್ಪಿಗೆಯ ತಂತಿ ಜಗ್ಗಿತು. ಅವನ ಕತ್ತಿನ ನರಗಳು ಹಗ್ಗವಾದವು, ಬಾಯಿ ತೆರೆದುಕೊಂಡಿತು, ಒಂದು ಕ್ಷಣ ಏನೂ ಬರಲಿಲ್ಲ, ಬರುವುದೇ ಇಲ್ಲವೆನ್ನಿಸಿತು. ಬಂತು.

“ದ್ಯಾಮಣ್ಣಾ! ಕೈ ತಗೀ! ಕೈ ತಗಿಯೋ ದ್ಯಾಮಣ್ಣಾ!”

ಕೂಗು ಗುಡ್ಡಕ್ಕೆ ಬಡಿಯಿತು. ಕ್ವಾರಿಯ ಕಲ್ಲುಗಳಿಂದ ಪಾರಿವಾಳಗಳು ಎದ್ದವು. ಅವನು ಮತ್ತೆ ಕೂಗಿದ, ಮತ್ತೆ, ದನಿ ಬಿರಿಯುವವರೆಗೆ. ಆಮೇಲೆ ಜಾಲಿಯ ಕಾಂಡಕ್ಕೆ ಹಣೆಯಿಟ್ಟು, ಹೆಗಲು ಕುಲುಕಿಸುತ್ತ, ಒಂದು ವರ್ಷದಿಂದ ಅಳದಿದ್ದ ರೀತಿಯಲ್ಲಿ ಅತ್ತ.

ಇಬ್ಬರೂ ಕಾದರು. ಬಾಗವಾನ ಸರ್ ಯಂತ್ರವನ್ನು ನೋಡಲಿಲ್ಲ, ನೀಲಗಂಗಾಳ ಮುಖವನ್ನೇ ನೋಡಿದರು. ಅವಳು ತಲೆಯೆತ್ತಿ ಗಾಳಿಗೆ ತೂಗುತ್ತಿದ್ದ ತಂತಿಯನ್ನು ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಏನೂ ಉಳಿದಿರಲಿಲ್ಲ.

ಫಕ್ಕೀರೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಇತ್ತ ತಿರುಗಿದ.

“ಬಂತ್ರಿ ಅಕ್ಕಾರ,” ಎಂದ. “ಎಲ್ಲಾ ಬಂತು.”